ಖಾಸಗಿ ಲ್ಯಾಬ್ ಒಂದೇ ದಿನಕ್ಕೆ ರಿಪೋರ್ಟ್ ಕೊಡುತ್ತೆ, ಮತ್ತೆ ಪಬ್ಲಿಕ್ ಹೆಲ್ತ್ ಲ್ಯಾಬ್ ಯಾಕೆ ಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ: ನಿಮ್ಮ ಮಾವನವರ ಕಫ ಖಾಸಗಿ ಲ್ಯಾಬಿಗೆ ಕೊಟ್ರಿ, ಅವತ್ತೇ ಸಂಜೆ ಟಿಬಿ ಇದೆ ಅಂತ ರಿಪೋರ್ಟ್ ಬಂತು, ಡಾಕ್ಟ್ರು ಔಷಧಿನೂ ಶುರು ಮಾಡಿದ್ರು, ಆದ್ರೆ ಇನ್ನೊಂದು ಸ್ಯಾಂಪಲ್ ಪಬ್ಲಿಕ್ ಲ್ಯಾಬಿಗೆ ಹೋಗಿ ಮೂರು ವಾರ ಆಯ್ತು, ಸುದ್ದಿನೇ ಇಲ್ಲ, ಹಾಗಿದ್ರೆ ಇವರು ಇರೋದಾದ್ರೂ ಯಾಕೆ ಅಂತ. ನಾನು ಅಂಥದ್ದೇ ಒಂದು ಸರ್ಕಾರಿ ಪಬ್ಲಿಕ್ ಲ್ಯಾಬಿನ ಮೈಕ್ರೋಬಯಾಲಜಿ ಸೆಕ್ಷನ್ನಲ್ಲಿ ಕೆಲಸ ಮಾಡಿದವನು, ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ, ಅಷ್ಟನ್ನ ಕಳೆದು ಓದ್ಕೊಳ್ಳಿ.

ಮೊದಲನೇದು, ಎರಡೂ ಕಡೆ ಮಾಡ್ತಿರೋದು ಒಂದೇ ಟೆಸ್ಟ್ ಅಲ್ಲ. ಒಂದೇ ದಿನಕ್ಕೆ ಬಂದಿದ್ದು ಬಹುಶಃ ಜೀನ್‌ಎಕ್ಸ್‌ಪರ್ಟ್ ತರದ್ದು, ಕಾರ್ಟ್ರಿಜ್‌ಗೆ ಕಫ ಹಾಕಿ ಮಷೀನಲ್ಲಿಟ್ರೆ ಸುಮಾರು ಎರಡು ಗಂಟೆಲಿ ಟಿಬಿ ಇದೆಯಾ, ರಿಫಾಂಪಿಸಿನ್ ಅನ್ನೋ ಮುಖ್ಯ ಟಿಬಿ ಔಷಧಿ ಕೆಲಸ ಮಾಡುತ್ತಾ ಅಂತ ಹೇಳುತ್ತೆ, ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಇದನ್ನ ಒಪ್ಪಿದೆ, ಒಳ್ಳೇ ಟೆಸ್ಟು, ನಾನೇನೂ ಬೈತಿಲ್ಲ. ಆದ್ರೆ ಅದು ಹುಡುಕೋದು ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನ, ಟೆಸ್ಟ್ ಮುಗಿದ ಮೇಲೆ ಕಾರ್ಟ್ರಿಜ್ ಕಸಕ್ಕೆ ಹೋಗುತ್ತೆ, ಕೈಯಲ್ಲಿ ಏನೂ ಉಳಿಯಲ್ಲ. ಪಬ್ಲಿಕ್ ಲ್ಯಾಬಲ್ಲಿ ಮಾಡೋದು ಜೀವಂತ ಬ್ಯಾಕ್ಟೀರಿಯಾನ ಬೆಳೆಸೋ ಕೆಲಸ.

ಅದು ಹೇಗೆ ಅಂದ್ರೆ, ಕಫದಲ್ಲಿ ಬಾಯಿಯ ಬೇರೆ ನೂರೆಂಟು ಬ್ಯಾಕ್ಟೀರಿಯಾ ಇರುತ್ವೆ, ಅವನ್ನ ಸಾಯಿಸೋಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಗಡಿಯಾರ ನೋಡ್ಕೊಂಡು ಕೂರ್ಬೇಕು. ಸಮಯ ಕಮ್ಮಿ ಆದ್ರೆ ಬೇರೆಯವು ಬೆಳೆದು ಎಲ್ಲಾ ಕೆಡಿಸ್ತವೆ, ಜಾಸ್ತಿ ಆದ್ರೆ ಟಿಬಿ ಬ್ಯಾಕ್ಟೀರಿಯಾನೂ ಸಾಯುತ್ತೆ. ಆಮೇಲೆ ಸೆಂಟ್ರಿಫ್ಯೂಜಲ್ಲಿ ಜೋರಾಗಿ ತಿರುಗಿಸಿ, ತಳದಲ್ಲಿ ಕೂತಿದ್ದನ್ನ ಮೊಟ್ಟೆಯಿಂದ ಮಾಡಿದ ಹಸಿರು ಮೀಡಿಯಾ (ಬ್ಯಾಕ್ಟೀರಿಯಾಗೆ ಊಟ) ಇರೋ ಬಾಟಲಿಗೋ ದ್ರವದ ಟ್ಯೂಬಿಗೋ ಹಾಕಿ 37 ಡಿಗ್ರಿಲಿ ಇಡೋದು. ಕರುಳಲ್ಲಿರೋ ಇ. ಕೊಲೈ ಬ್ಯಾಕ್ಟೀರಿಯಾ ಒಂದು ಎರಡಾಗೋಕೆ 20 ನಿಮಿಷ ಸಾಕು, ಟಿಬಿಗೆ ಹತ್ತಿರ ಹತ್ತಿರ ಒಂದು ದಿನ ಬೇಕು. ವಾರಗಟ್ಟಲೆ ಕಾದ ಮೇಲೆ ಬ್ರೆಡ್ ಪುಡಿ ಉದುರಿಸಿದ ಹಾಗೆ ಒರಟೊರಟಾದ ತಿಳಿಹಳದಿ ಕಾಲೊನಿಗಳು ಕಾಣಿಸಿದಾಗ, ಅದರ ಮೇಲೆ ಒಂದೊಂದೇ ಔಷಧಿ ಪ್ರಯೋಗ ಮಾಡಿ ಯಾವುದಕ್ಕೆ ಸಾಯುತ್ತೆ ಯಾವುದಕ್ಕಿಲ್ಲ ಅಂತ ನೋಡೋದು. ಇದನ್ನೆಲ್ಲ ಒಳಗಿನ ಗಾಳಿ ಸೋಸದೆ ಹೊರಗೆ ಹೋಗದ ಹಾಗೆ ಕಟ್ಟಿದ ರೂಮಲ್ಲಿ ಮಾಡ್ಬೇಕು, ಅದರ ಖರ್ಚಿಗೆ ಲಾಭ ನೋಡೋ ಲ್ಯಾಬ್‌ಗಳಲ್ಲಿ ಕೈ ಹಾಕೋರು ಕಮ್ಮಿ.

ಆದ್ರೆ ಬೆಳೆಸೋದಕ್ಕೆ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಖಾಸಗಿ ಲ್ಯಾಬಿಗೆ ಬೇಕಿರೋದು ಈ ಮನುಷ್ಯನಿಗೆ ಏನಾಗಿದೆ ಅನ್ನೋದು. ಪಬ್ಲಿಕ್ ಲ್ಯಾಬ್ ಅದರ ಜೊತೆಗೆ ಕೇಳೋದು, ಇವನಿಗೆ ಬಂದಿರೋದು ಮತ್ತು ನೂರು ಕಿಲೋಮೀಟರ್ ಆಚೆ ಇನ್ನೊಬ್ಬನಿಗೆ ಬಂದಿರೋದು ಒಂದೇನಾ?

ಇದಕ್ಕೆ ಜರ್ಮನಿಯ 2011ರ ಕಥೆ ಕೇಳಿ. ರಕ್ತಭೇದಿ, ಕಿಡ್ನಿ ಫೇಲ್ ಆಗಿ ಜನ ಆಸ್ಪತ್ರೆಗೆ ಬರ್ತಿದ್ರು, ಕೊನೆಗೆ 50ಕ್ಕೂ ಹೆಚ್ಚು ಜನ ಸತ್ರು. ಹ್ಯಾಂಬರ್ಗ್‌ನಲ್ಲಿ ಸ್ಪೇನಿನ ಸೌತೆಕಾಯಿ ಟೆಸ್ಟ್ ಮಾಡಿದ್ರೆ ವಿಷ ಉತ್ಪಾದಿಸೋ ಇ. ಕೊಲೈ ಸಿಕ್ತು, ತಕ್ಷಣ ಘೋಷಣೆ ಆಯ್ತು, ಸ್ಪೇನಿನ ರೈತರ ವ್ಯಾಪಾರ ನೆಲಕಚ್ಚಿತು. ಕೆಲವೇ ದಿನದಲ್ಲಿ ಇನ್ನೂ ಆಳವಾಗಿ ಟೈಪಿಂಗ್, ಅಂದ್ರೆ ಯಾವ ತಳಿ ಅಂತ ಗುರುತಿಸೋ ಟೆಸ್ಟ್, ಮಾಡಿದಾಗ ಗೊತ್ತಾಗಿದ್ದು, ರೋಗಿಗಳಲ್ಲಿ ಇದ್ದಿದ್ದು ಓ104 ಅನ್ನೋ ತಳಿ, ಸೌತೆಕಾಯಿಲಿ ಇದ್ದಿದ್ದು ಬೇರೇನೇ! ಅಂದ್ರೆ ಪಾಸಿಟಿವ್ ಅನ್ನೋ ರಿಪೋರ್ಟ್ ಸುಳ್ಳಲ್ಲ, ಆದ್ರೆ ಅಪರಾಧಿ ಅದಲ್ಲ. ಕೊನೆಗೆ ಸಿಕ್ಕಿದ್ದು ಮೊಳಕೆ ಕಾಳು, ಅದರಲ್ಲೂ ಮೆಂತ್ಯದ ಮೊಳಕೆ ಮೇಲೆ ಬೆರಳು ತೋರಿಸಿದ್ರು. ನ್ಯಾಯವಾಗಿ ಹೇಳ್ಬೇಕಂದ್ರೆ ಮೊಳಕೆವರೆಗೆ ಕರ್ಕೊಂಡು ಹೋಗಿದ್ದು ಲ್ಯಾಬ್‌ಗಿಂತ ಜಾಸ್ತಿ, ಯಾರು ಯಾವ ಹೋಟೆಲಲ್ಲಿ ಏನು ತಿಂದ್ರು ಅಂತ ಪಟ್ಟಿ ಮಾಡಿದವರು.

ಕೈಯಲ್ಲಿ ಬ್ಯಾಕ್ಟೀರಿಯಾ ಇಲ್ಲದಿದ್ರೆ ಈ ತರ ಹೋಲಿಸೋದು ತುಂಬ ಕಷ್ಟ. ಈಗ ಡಿಎನ್‌ಎ ಹುಡುಕೋ, ಬೇಗ ಆಗೋ ಪಿಸಿಆರ್ ಪ್ಯಾನಲ್‌ಗಳು ಬಂದು ಆಸ್ಪತ್ರೆಗಳು ಕಲ್ಚರ್, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸೋದನ್ನೇ, ಕಮ್ಮಿ ಮಾಡಿವೆ, ರೋಗಿಗೆ ಒಳ್ಳೇದೇ, ಆದ್ರೆ ಔಟ್‌ಬ್ರೇಕ್ ಹಿಡಿಯೋರಿಗೆ ಬೆರಳಚ್ಚು ಸಿಗಲ್ಲ. ಅದಕ್ಕೇ ಕೆಲವು ಕಡೆ ಪಿಸಿಆರ್ ಪಾಸಿಟಿವ್ ಬಂದ ಸ್ಯಾಂಪಲ್ಲನ್ನ ಕಲ್ಚರ್‌ಗೆ ಕಳಿಸಿ ಅಂತ ನಿಯಮನೇ ಇದೆ.

ಆಮೇಲೆ ಫ್ರೀಜರ್ ವಿಷಯ, ಅಂದ್ರೆ ಹಳೇ ಸ್ಯಾಂಪಲ್ ಕಾಪಾಡಿಡೋದು. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಹೋದವರಿಗೆ ನ್ಯುಮೋನಿಯಾ ಬಂದು ಸುಮಾರು 30 ಜನ ಸತ್ರಲ್ಲ, ಅದಕ್ಕೆ ಕಾರಣ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಅಂತ ಅಮೆರಿಕದ ಕಾಯಿಲೆ ನಿಯಂತ್ರಣ ಸಂಸ್ಥೆ ಸಿಡಿಸಿಯ ಲ್ಯಾಬ್ ತಿಂಗಳುಗಟ್ಟಲೆ ಒದ್ದಾಡಿ 1977ರ ಜನವರಿಲಿ ಹೇಳ್ತು. ನನಗೆ ಇಷ್ಟವಾದ ಭಾಗ ಅದರ ನಂತರದ್ದು. ಹಳೇ ಔಟ್‌ಬ್ರೇಕ್‌ಗಳ ರಕ್ತದ ಸೀರಮ್ ತೆಗೆದಿಟ್ಟಿದ್ರು, ಟೆಸ್ಟ್ ಮಾಡಿದ್ರೆ 1965ರಲ್ಲಿ ವಾಷಿಂಗ್ಟನ್‌ನ ಒಂದು ಆಸ್ಪತ್ರೆಲಿ, 1968ರಲ್ಲಿ ಮಿಷಿಗನ್ನಿನ ಪಾಂಟಿಯಾಕ್‌ನಲ್ಲಿ ಕಾರಣ ಗೊತ್ತಾಗದೆ ಉಳಿದಿದ್ದ ಕಾಯಿಲೆಗಳೂ ಇದರದ್ದೇ ಕೆಲಸ! ಬಿಲ್ ಮಾಡೋಕಾಗದ ಸ್ಯಾಂಪಲ್ಲನ್ನ ಯಾವ ವ್ಯಾಪಾರದ ಲ್ಯಾಬ್ ಅಷ್ಟು ವರ್ಷ ಇಟ್ಕೊಳ್ಳುತ್ತೆ ಹೇಳಿ.

ಹಾಗಂತ ಸರ್ಕಾರಿ ಲ್ಯಾಬ್ ಅಂದ್ರೆ ತಪ್ಪೇ ಆಗಲ್ಲ ಅಂತಲ್ಲ. 2020ರ ಫೆಬ್ರವರಿಲಿ ಅದೇ ಸಿಡಿಸಿ ಕಳಿಸಿದ ಕೋವಿಡ್ ಕಿಟ್‌ಗಳು ರಾಜ್ಯಗಳ ಲ್ಯಾಬ್‌ಗಳಲ್ಲಿ ಸರಿಯಾಗಿ ಕೆಲಸ ಮಾಡದೆ ವಾರಗಳೇ ಹಾಳಾದ್ವು, ಬರ್ಲಿನ್ನಿನ ಶಾರಿಟೆ ಲ್ಯಾಬಿನವರ ಟೆಸ್ಟ್ ವಿಧಾನ ಜನವರಿಲೇ ಎಲ್ಲರಿಗೂ ಸಿಕ್ಕಿತ್ತು. ಎಲ್ಲಾ ಒಂದೇ ಕಡೆಯಿಂದ ಬರ್ಬೇಕು ಅಂತ ಕೂತ್ರೆ ಹಿಂಗೇ ಆಗೋದು, ಅಂಥಾ ಹೊತ್ತಲ್ಲಿ ಖಾಸಗಿಯವರೂ ಬೇಕು.

ತಡ ಆಗೋದಕ್ಕೆ ಎಷ್ಟೋ ಸಲ ಲ್ಯಾಬ್ ಕಾರಣ ಅಲ್ಲ, ಫಾರಂ ಕಾರಣ. ಜ್ವರ ಶುರುವಾದ ತಾರೀಖಿನ ಜಾಗ ಖಾಲಿ ಬಿಟ್ಟು ಕಳಿಸ್ತಾರೆ. ಡೆಂಗ್ಯೂ ತಗೊಳ್ಳಿ, ಮೊದಲ ಐದು ದಿನದೊಳಗೆ ಎನ್‌ಎಸ್1 ಅಥವಾ ಪಿಸಿಆರ್ ನೋಡ್ಬೇಕು, ಅವು ವೈರಸ್ಸನ್ನೇ ಹುಡುಕೋವು, ಆಮೇಲಾದ್ರೆ ಐಜಿಎಂ, ಅಂದ್ರೆ ಮೈ ನಿಧಾನಕ್ಕೆ ತಯಾರು ಮಾಡೋ ಪ್ರತಿಕಾಯ. ಎರಡನೇ ದಿನದ ರಕ್ತಕ್ಕೆ ಬರೀ ಐಜಿಎಂ ಮಾಡಿ ನೆಗೆಟಿವ್ ಅಂದ್ರೆ ಅದಕ್ಕೇನೂ ಅರ್ಥ ಇಲ್ಲ. ಆ ಒಂದು ತಾರೀಖಿಗೋಸ್ಕರ ಫೋನ್ ಮಾಡ್ತಾ ಕೂತಿರೋರನ್ನ ಎಷ್ಟೋ ಸಲ ನೋಡಿದೀನಿ.

ನಿಮ್ಮ ಮಾವನವರ ವಿಷಯಕ್ಕೆ ಬಂದ್ರೆ, ಮೂರು ವಾರ ಅನ್ನೋದು ಟಿಬಿ ಕಲ್ಚರ್‌ಗೆ ತಡವೇ ಅಲ್ಲ. ದ್ರವದ ಟ್ಯೂಬಾದ್ರೆ 42 ದಿನ, ಮೊಟ್ಟೆ ಮೀಡಿಯಾ ಆದ್ರೆ 8 ವಾರ ಕಾದ ಮೇಲೇನೇ ನೆಗೆಟಿವ್ ಅಂತ ಬರೆಯೋದು. ಶುರು ಮಾಡಿರೋ ಔಷಧಿ ಮಾತ್ರ ಡಾಕ್ಟ್ರು ಹೇಳದೆ ನಿಲ್ಲಿಸ್ಬೇಡಿ. ಡಾಕ್ಟ್ರ ಹತ್ರ ಎರಡು ಕೇಳಿ: ಕಲ್ಚರ್‌ಗೆ ಸ್ಯಾಂಪಲ್ ಕೊಟ್ಟಿದ್ದು ಔಷಧಿ ಶುರು ಮಾಡೋಕೆ ಮುಂಚೆನಾ ಆಮೇಲಾ, ಮತ್ತೆ ಇನ್ನೊಂದು ಟಿಬಿ ಔಷಧಿ ಐಸೋನಿಯಾಜಿಡ್ ನಾಟದ ರೆಸಿಸ್ಟೆನ್ಸ್‌ಗೆ ಬೇಗ ಆಗೋ ಟೆಸ್ಟ್ ಬೇರೆ ಮಾಡಿಸಿದ್ದಾರಾ ಅಂತ. ಮೊದಲು ಬಂದ ಕಾರ್ಟ್ರಿಜ್ ರಿಪೋರ್ಟಲ್ಲಿ ಸಾಮಾನ್ಯವಾಗಿ ಅದು ಇರಲ್ಲ.