ಇರಾನಿನಲ್ಲಿ ಮೂವತ್ತು ಜನ ಇದ್ದರೂ ಅದನ್ನು ಹಳ್ಳಿ ಅಂತಾರಾ?

ಪ್ರಶ್ನೆ: ಇರಾನಿನ ಹಳ್ಳಿಗಳ ಬಗ್ಗೆ ಎಲ್ಲಿ ಓದಿದರೂ ‘ಜನಸಂಖ್ಯೆ 30, ಕುಟುಂಬ 9’ ಅನ್ನೋ ಥರದ ಲೆಕ್ಕವೇ ಇರುತ್ತೆ. ಇದು ನಿಜವೋ, ಏನಾದರೂ ತಪ್ಪಾಗಿದೆಯೋ?

ತಪ್ಪೇನೂ ಆಗಿಲ್ಲ. ನಾನು ಮೇಷ್ಟ್ರು. 2011ರ ಜನಗಣತಿ ಡ್ಯೂಟಿಗೆ ಮನೆಮನೆ ತಿರುಗಿದವನು. ಬೇರೆ ದೇಶದವರು ಹೇಗೆ ಎಣಿಸ್ತಾರೆ ಅಂತ ಓದುವ ಹುಚ್ಚು ಹತ್ತಿದ್ದು ಆಮೇಲೆ. ನನಗೂ ಮೊದಲು ಇದೇ ಅನುಮಾನ ಬಂದಿತ್ತು.

ಅಲ್ಲಿ ಲೆಕ್ಕಕ್ಕೆ ಹಿಡಿಯೋದು ‘ಆಬಾದಿ’ಗಳನ್ನು, ಅಂದರೆ ಜನ ನೆಲೆಸಿದ ಜಾಗಗಳನ್ನು. ದೊಡ್ಡ ಊರೂ ಆಬಾದಿ, ಹೊಲದ ನಡುವಿನ ನಾಲ್ಕು ಮನೆಯೂ ಆಬಾದಿ. ‘ಚಾಹೆ ಮೋಟೋರ್’ ಅಂತ ಶುರುವಾಗುವ ಹೆಸರುಗಳೂ ಪಟ್ಟಿಯಲ್ಲಿ ಸಿಗುತ್ತವೆ. ಮೋಟಾರು ಬಾವಿ ಅಂತ ಅರ್ಥ, ಅಷ್ಟೇ! ಕಾನೂನಿನಲ್ಲಿ ಹಳ್ಳಿ ಅನ್ನಿಸಿಕೊಳ್ಳೋಕೆ 20 ಕುಟುಂಬ ಅಥವಾ 100 ಜನ ಇರಬೇಕು ಅಂತ 1983ರಲ್ಲೇ ಬರೆದಿದ್ದಾರೆ. ಆದರೆ ಗಣತಿಯ ಪಟ್ಟಿ ಅದಕ್ಕಿಂತ ಚಿಕ್ಕದನ್ನೂ ಬಿಡಲ್ಲ. ಎಲ್ಲವೂ ಯಾವುದಾದರೂ ‘ದೆಹೆಸ್ತಾನ್’ ಕೆಳಗೆ ಬರುತ್ತವೆ. ನಮ್ಮ ಹೋಬಳಿ ಇದ್ದ ಹಾಗೆ. ತೀರಾ ಕೆಲವೇ ಮನೆ ಇದ್ದರೆ ಮಾತ್ರ ಸಂಖ್ಯೆ ಪ್ರಕಟಿಸಲ್ಲ. ಪ್ರಕಟಿಸಿದರೆ ಯಾರ ಮನೆಯ ಲೆಕ್ಕ ಅಂತ ಗೊತ್ತಾಗಿಬಿಡುತ್ತೆ, ಅಲ್ವಾ?

ಪಾರ್ಸಿ (ಪರ್ಷಿಯನ್ ಭಾಷೆ) ಮಾತಾಡುವ ಕೆರ್ಮಾನ್, ಯಜ್ದ್ ಪ್ರಾಂತ್ಯಗಳ ಕಡೆಯೆಲ್ಲ ಒಣ ಸೀಮೆ. ಬೆಟ್ಟದ ಬುಡದಿಂದ ನೆಲದೊಳಗೇ ಸುರಂಗ ಕೊರೆದು ನೀರು ತರ್ತಾರೆ. ಅದನ್ನು ‘ಕನಾತ್’ ಅಂತಾರೆ. ಬೀದರಿನ ನೌಬಾದಿನಲ್ಲಿರುವ ಕರೇಜ್ ನೋಡಿದ್ದರೆ ತಕ್ಷಣ ಅರ್ಥವಾಗುತ್ತೆ, ಅದೂ ಇದೇ ವಿದ್ಯೆ. ಸುರಂಗದಲ್ಲಿ ಎಷ್ಟು ನೀರೋ ಊರಲ್ಲಿ ಅಷ್ಟೇ ಮನೆ.

ನನಗೆ ಜಾಸ್ತಿ ಇಷ್ಟವಾದದ್ದು ಕೆರ್ಮಾನ್ ಪ್ರಾಂತ್ಯದ ಮೇಮಂದ್. ಮೆತ್ತಗಿನ ಬಂಡೆ ಕೊರೆದು ಮಾಡಿದ ಗುಹೆಗಳೇ ಅಲ್ಲಿ ಮನೆಗಳು. 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿನವರು ಚಳಿಗಾಲ ಗುಹೆಯಲ್ಲಿ ಕಳೀತಾರೆ. ಚಳಿ ಇಳಿದ ಮೇಲೆ ಆಡು-ಕುರಿ ಹೊಡೆದುಕೊಂಡು ಹುಲ್ಲುಗಾವಲಿಗೆ ಹೋಗ್ತಾರೆ, ಬೇಸಿಗೆಗೆ ತೋಟದ ಬಿಡಾರ. ಒಂದೇ ಕುಟುಂಬಕ್ಕೆ ಮೂರು ಕಡೆ ಮನೆ. ಇಂಥ ಊರಿನ ಜನಸಂಖ್ಯೆ ಎಷ್ಟು ಅಂದ್ರೆ ‘ಯಾವ ತಿಂಗಳಲ್ಲಿ?’ ಅಂತ ವಾಪಸ್ ಕೇಳಬೇಕು. 2006, 2011ರ ಗಣತಿ ನಡೆದದ್ದು ಅಕ್ಟೋಬರ್-ನವೆಂಬರ್ ಹೊತ್ತಿಗೆ, ಜನ ಇನ್ನೂ ಆ ಕಡೆ ಈ ಕಡೆ ಓಡಾಡ್ತಿರುವ ಕಾಲ. ಆ ಮನೆಗಳ ಬಾಗಿಲು ತಟ್ಟಿದವರ ಪಾಡು ನನಗೆ ಚೆನ್ನಾಗಿ ಗೊತ್ತು! ನಾನು ಮೂರು ಸಲ ಹೋದರೂ ಬೀಗ ಹಾಕಿದ್ದ ಮನೆಗಳಿದ್ದವು.

ಇನ್ನೊಂದು ವಿಷಯ, ಸುಮ್ನೆ ಹೇಳ್ತಿದ್ದೀನಿ. ನಮ್ಮ ಹಳಬರು ಜನಗಣತಿಗೆ ‘ಖಾನೇಷುಮಾರಿ’ ಅಂತಿದ್ದರು. ಪಾರ್ಸಿಯ ಮಾತು, ಮನೆ ಎಣಿಸೋದು ಅಂತ. ಇರಾನಿನವರು ಈಗ ‘ಸರ್‌ಶೊಮಾರಿ’ ಅಂತಾರೆ, ತಲೆ ಎಣಿಸೋದು. ಜನರೇ ಇಲ್ಲದ ಊರಿಗೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಇವತ್ತಿಗೂ ‘ಬೇಚರಾಕ್ ಗ್ರಾಮ’ ಅಂತಲೇ ಬರೀತಾರೆ. ಅದೂ ಪಾರ್ಸಿಯೇ: ಬೇ-ಚಿರಾಗ್, ದೀಪ ಇಲ್ಲದ್ದು. ಇರಾನಿನ ಪಟ್ಟಿಯಲ್ಲಿ ಅಂಥ ಊರಿನ ಮುಂದೆ ‘ಖಾಲಿ ಅಜ್ ಸಕನೆ’ ಅಂತಿರುತ್ತೆ. ಆ ಖಾಲಿ ನಮ್ಮ ಖಾಲಿನೇ.