ರೆಪ್ಪೆ ಬಡಿತ ಎಣಿಸುವ ಕ್ಯಾಮೆರಾ

ಪ್ರಶ್ನೆ: ದಿನವಿಡೀ ಕಂಪ್ಯೂಟರ್ ಕೆಲಸ. ಸಂಜೆ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ವೆಬ್‌ಕ್ಯಾಮ್‌ನಿಂದಲೇ ರೆಪ್ಪೆ ಬಡಿತ ಎಣಿಸಿ ಎಚ್ಚರಿಸುವ ಆ್ಯಪ್ ಇದೆಯಂತೆ. ನಂಬಬಹುದಾ? - ಓದುಗರೊಬ್ಬರು, ಮೈಸೂರು

ಉತ್ತರ: ಎಣಿಸೋದೇನೋ ನಿಜ. ಪ್ರಾಗ್‌ನ ಇಬ್ಬರು ಸಂಶೋಧಕರು 2016ರಲ್ಲಿ ತೋರಿಸಿದ ಸರಳ ಲೆಕ್ಕವನ್ನೇ ಇಂಥ ಎಷ್ಟೋ ಪ್ರೋಗ್ರಾಂಗಳು ಬಳಸುತ್ತವೆ: ಪ್ರತಿ ಕಣ್ಣಿನ ಸುತ್ತ 6 ಚುಕ್ಕಿ ಗುರುತಿಸಿ, ಎತ್ತರವನ್ನು ಅಗಲದಿಂದ ಭಾಗಿಸೋದು, ರೆಪ್ಪೆ ಮುಚ್ಚಿದಾಗ ಆ ಸಂಖ್ಯೆ ಸೊನ್ನೆಯತ್ತ ಬಿದ್ದು ಮತ್ತೆ ಏರಿದರೆ ಅದು ಒಂದು ಬಡಿತ.

ಆದರೆ ತೊಡಕುಗಳಿವೆ. ಕನ್ನಡಕದ ಮೇಲೆ ಟ್ಯೂಬ್‌ಲೈಟ್ ಹೊಳೆದರೆ ಚುಕ್ಕಿಗಳು ಜಾರುತ್ತವೆ. ನೀವು ಸುಮ್ನೆ ಕೀಬೋರ್ಡ್ ನೋಡಿದರೂ ರೆಪ್ಪೆ ಇಳಿಯುತ್ತದೆ, ಅದನ್ನೂ ಬಡಿತ ಅಂದುಕೊಳ್ಳಬಹುದು. ಇನ್ನು ಅರ್ಧಂಬರ್ಧ ಬಡಿತ. ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಬಡಿಯುವ ರೆಪ್ಪೆ ಪರದೆ ಮುಂದೆ ಎಷ್ಟೋ ಜನರಲ್ಲಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಜೊತೆಗೆ ಪೂರ್ತಿ ಮುಚ್ಚೋದೂ ಇಲ್ಲ, ಹಾಗಾಗಿ ಕಣ್ಣಿನ ಕೆಳಭಾಗಕ್ಕೆ ಕಣ್ಣೀರು ಸವರದೆ ಅಲ್ಲೇ ಒಣಗುತ್ತದೆ. ಬರೀ ಎಣಿಸುವ ಆ್ಯಪ್‌ಗೆ ಇದು ಕಾಣೋದಿಲ್ಲ.

ಹಾಕಿಕೊಳ್ಳೋದಾದರೆ ಇಂಟರ್ನೆಟ್ ಆಫ್ ಮಾಡಿ ನೋಡಿ. ಆಗಲೂ ಓಡಿದರೆ ಲೆಕ್ಕ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತಿದೆ ಅಂತ. ಆದರೂ ಆಮೇಲೆ ಏನನ್ನೂ ಕಳಿಸೋದಿಲ್ಲ ಅಂತ ಅದರಿಂದ ಖಾತ್ರಿಯಾಗದು. ಆಫೀಸಿನವರೇ ಹಾಕಿಸಿದರೆ ವಿಷಯ ಬೇರೆ, ಅದು ನಿಮ್ಮ ಕಣ್ಣಿನ ಆರೈಕೆಯೋ ಹಾಜರಿ ಪುಸ್ತಕವೋ ಅಂತ ಮೊದಲು ಕೇಳಿ.

ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಡಿ, ಎಸಿ ಗಾಳಿ ಮುಖಕ್ಕೆ ಬಡಿಯದಿರಲಿ. ಉರಿ ಹೋಗದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.