ಹೋಮ್‌ವರ್ಕಿಗೆ ಹತ್ತಕ್ಕೆ ಹತ್ತು, ಟೆಸ್ಟಿಗೆ ಮೂವತ್ತಕ್ಕೆ ಏಳು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗಿಯೂ ತಾಯಿಯೂ ಒಪ್ಪಿದ್ದಾರೆ.)

ಆ ಹುಡುಗಿ ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ಭೌತಶಾಸ್ತ್ರದ ಕಷ್ಟ ಹೇಳಿಕೊಳ್ಳಲು ಅಲ್ಲ. ಟೆಸ್ಟ್ ಹತ್ತಿರ ಬಂತೆಂದರೆ ಹೊಟ್ಟೆ ತೊಳಸಿದಂತಾಗುತ್ತದೆ, ರಾತ್ರಿ ಎರಡಾದರೂ ನಿದ್ದೆ ಹತ್ತುವುದಿಲ್ಲ ಎಂದು ಬಂದಿದ್ದಳು. ವಯಸ್ಸು ಹದಿನೇಳು. ತಾಯಿಯದು ಬೇರೆಯೇ ಗೊಂದಲ: "ಹೋಮ್‌ವರ್ಕ್ ಪುಸ್ತಕ ನೋಡಿ ಮೇಡಂ, ಎಲ್ಲ ಹತ್ತಕ್ಕೆ ಹತ್ತು. ಟೆಸ್ಟಲ್ಲಿ ಮೂವತ್ತಕ್ಕೆ ಏಳು. ಭಯಕ್ಕೆ ಹೀಗಾಗುತ್ತಾ?"

ಭಯಕ್ಕೂ ಹೀಗಾಗುವುದುಂಟು. ಅದಕ್ಕೇ ಮೊದಲ ಎರಡು ಭೇಟಿ ನಾನು ಆ ದಾರಿಯಲ್ಲೇ ಹೋದೆ. ಉಸಿರಾಟದ ಅಭ್ಯಾಸ, ಮಲಗುವ ಹೊತ್ತು, ಮೊಬೈಲ್ ದೂರ ಇಡುವುದು. ಏನೂ ಬದಲಾಗಲಿಲ್ಲ. ಆ ಪುಸ್ತಕವನ್ನು ಮೊದಲ ದಿನವೇ ಬಿಚ್ಚಿಸಬೇಕಿತ್ತು.

ಮೂರನೇ ಸಲ ಬಿಚ್ಚಿಸಿದೆ. ಪೂರ್ತಿ ಅಂಕ ಬಂದಿದ್ದ ಒಂದು ಲೆಕ್ಕ ಆರಿಸಿ, ಉತ್ತರ ಮುಚ್ಚಿ, ಖಾಲಿ ಹಾಳೆ ಕೊಟ್ಟೆ. 25 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಒಂದು ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ನೆಲ ಮುಟ್ಟಲು ಎಷ್ಟು ಹೊತ್ತು? ಗುರುತ್ವ ವೇಗೋತ್ಕರ್ಷ, ಅಂದರೆ ಭೂಮಿಯ ಸೆಳೆತದಿಂದ ವೇಗ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬುದು, 10 ಎಂದು ಹಿಡಿಯಬೇಕು.

ಸೂತ್ರ ಅವಳಿಗೆ ಬಾಯಿಪಾಠ. ಹೊತ್ತನ್ನು ಟಿ ಎಂದಿಟ್ಟುಕೊಂಡು 25 = 20ಟಿ − 5ಟಿ² ಎಂದು ಬರೆದಳು. ಅದು ಟಿ² − 4ಟಿ + 5 = 0 ಆಯಿತು. ಬಿಡಿಸಹೋದರೆ ವರ್ಗಮೂಲದ ಒಳಗೆ ಮೈನಸ್ 4 ಬಂತು, ಅಂದರೆ ಉತ್ತರವೇ ಸಿಗದು. ಪೆನ್ನು ಕೆಳಗಿಟ್ಟಳು.

"ಇಲ್ಲೇ ಮೇಡಂ. ಯಾವಾಗಲೂ ಹೀಗೇ ಎಲ್ಲೋ ಸಿಕ್ಕಿಕೊಳ್ತೀನಿ."

"ಸಿಕ್ಕಿಕೊಂಡಾಗ ಏನು ಮಾಡ್ತೀಯ?"

"ಅಕ್ಕನಿಗೆ ಪ್ರಶ್ನೆಯ ಫೋಟೋ ಕಳಿಸ್ತೀನಿ."

ಅಕ್ಕ ಎಂದರೆ ದೊಡ್ಡಪ್ಪನ ಮಗಳು, ಎಂಜಿನಿಯರಿಂಗ್ ಓದುತ್ತಿರುವವಳು. ಹತ್ತು ನಿಮಿಷದಲ್ಲಿ ಪೂರ್ತಿ ಉತ್ತರ ಬರುತ್ತದೆ, ಇವಳು ಅಂದವಾಗಿ ಇಳಿಸಿಕೊಳ್ಳುತ್ತಾಳೆ. "ನಾನು ಕಳ್ಳಿ ಮೇಡಂ" ಎಂದಳು. ನಿದ್ದೆ ಕೆಡಿಸುತ್ತಿದ್ದದ್ದು ಟೆಸ್ಟಿಗಿಂತ ಹೆಚ್ಚಾಗಿ ಇದು. ಟೆಸ್ಟಿನ ದಿನ ಸಿಕ್ಕಿಬೀಳುತ್ತೇನೆ ಎಂಬ ಭಯ.

ನಾನು ಭೌತಶಾಸ್ತ್ರದ ಮೇಡಂ ಅಲ್ಲ, ಕಾಲೇಜಿನಲ್ಲಿ ಓದಿದ್ದಷ್ಟೇ ಗೊತ್ತು. ಆದರೂ ಒಂದು ಕೇಳಿದೆ: "ಈ ಕಲ್ಲು ಎಸೆದ ಜಾಗದಿಂದ ಎಷ್ಟು ಮೇಲಕ್ಕೆ ಹೋಗುತ್ತೆ?" ಎರಡು ಸೆಕೆಂಡ್ ಏರುತ್ತದೆ, 20 ಮೀಟರ್ ಎಂದು ತಡವಿಲ್ಲದೆ ಹೇಳಿದಳು. "ಹಾಗಾದರೆ 25 ಮೀಟರ್ ಮೇಲೆ ಅದು ಯಾವಾಗ ಇರುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇರೋದೇ ಇಲ್ಲ... ಅಯ್ಯೋ, ನಾನು ಮೇಲಿನ 25 ಕೇಳಿಬಿಟ್ಟಿದ್ದೀನಿ!"

ಸಮೀಕರಣ ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಕೇಳಿದ ಎತ್ತರಕ್ಕೆ ಈ ಕಲ್ಲು ಎಂದೂ ಹೋಗುವುದಿಲ್ಲ ಎಂಬುದೇ ಆ ಮೈನಸ್ 4. ನೆಲ ಇರುವುದು ಕೆಳಗೆ, ಹಾಗಾಗಿ ಮೈನಸ್ 25. ತಿದ್ದಿದಳು, 5 ಸೆಕೆಂಡ್ ಬಂತು. ನಂಬಿಕೆ ಬರದೆ ಇನ್ನೊಂದು ದಾರಿಯಲ್ಲೂ ಮಾಡಿದಳು: ಏರಲು 2, ತುದಿಯಿಂದ 45 ಮೀಟರ್ ಬೀಳಲು 3, ಒಟ್ಟು 5.

ಇಷ್ಟು ಬರುವವಳು ಅಕ್ಕನಿಗೆ ಬರೀ ಪ್ರಶ್ನೆ ಯಾಕೆ ಕಳಿಸುತ್ತಾಳೆ, ತಾನು ಬರೆದ ಹಾಳೆ ಯಾಕಿಲ್ಲ? ಅದು ಹೊರಬರಲು ಇನ್ನೊಂದು ಭೇಟಿ ಬೇಕಾಯಿತು. ಹಿಂದೊಮ್ಮೆ ತರಗತಿಯಲ್ಲಿ ಕೈ ಎತ್ತಿದ್ದಳಂತೆ: "ಕಲ್ಲು ಬೀಳುವಾಗ ವೇಗ ಹೆಚ್ಚಾಗುತ್ತಲ್ಲ, ಮತ್ತೆ ಮೈನಸ್ ಯಾಕೆ?" ಹಿಂದಿನ ಬೆಂಚಿನಲ್ಲಿ ನಗು. "ಇಷ್ಟೂ ಗೊತ್ತಿಲ್ವಾ" ಎಂದು ಮೇಷ್ಟ್ರು ಪಾಠ ಮುಂದುವರಿಸಿದರು. ನನ್ನ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಮೇಲ್ಮುಖವನ್ನು ಪ್ಲಸ್ ಎಂದು ನಾವೇ ಹಿಡಿದ ಮೇಲೆ, ಬೀಳುವ ಕಲ್ಲಿನ ವೇಗವೂ ಮೈನಸ್, ವೇಗೋತ್ಕರ್ಷವೂ ಮೈನಸ್. ಎರಡೂ ಒಂದೇ ದಿಕ್ಕಿಗೆ ಇರುವುದರಿಂದಲೇ ಓಟ ಹೆಚ್ಚುತ್ತದೆ. ಎರಡು ವಾಕ್ಯದ ಉತ್ತರ.

ಅಂದಿನಿಂದ ಅವಳು ತನ್ನ ಬಗ್ಗೆ ಏನನ್ನೂ ಬಿಟ್ಟುಕೊಡದ ಹಾಗೆ ಸಹಾಯ ಕೇಳುವುದನ್ನು ರೂಢಿ ಮಾಡಿಕೊಂಡಿದ್ದಳು. ಅಚ್ಚಾದ ಪ್ರಶ್ನೆಯ ಫೋಟೋ ನೋಡಿದರೆ ಕೇಳಿದವಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಯಾರಿಗೂ ತಿಳಿಯದು. ಸಹಾಯ ಮಾಡುವವಳಿಗೂ ತಿಳಿಯದು, ಹಾಗಾಗಿ ಅವಳು ಇಡೀ ಉತ್ತರ ಕೊಡುತ್ತಾಳೆ.

ಸಹಾಯ ನಿಲ್ಲಿಸು ಎಂದು ನಾನು ಹೇಳಲಿಲ್ಲ. ತಾಯಿ ಅದನ್ನೇ ಬಯಸಿದ್ದರು, "ಇನ್ನು ಅಕ್ಕನ್ನ ಕೇಳಬೇಡ" ಎಂದು ಹೇಳಿಯೂ ಬಿಟ್ಟಿದ್ದರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳಿಕೊಂಡೆ. ಬದಲಿಸಬೇಕಾದದ್ದು ಕಳಿಸುವ ಫೋಟೋ. ಚಿತ್ರ, ಯಾವ ದಿಕ್ಕು ಪ್ಲಸ್, ಕೊಟ್ಟಿರುವುದೇನು, ಕೇಳಿರುವುದೇನು, ಎಲ್ಲಿ ನಿಂತೆ ಎಂಬುದೆಲ್ಲ ಇರುವ, ಕಾಟು ಹೊಡೆದದ್ದೂ ಕಾಣುವ ಅವಳದೇ ಹಾಳೆ ಹೋಗಬೇಕು. ಅಕ್ಕನನ್ನೂ ಒಂದು ದಿನ ಕರೆಸಿದೆ. "ಅವಳಿಗೆ ಅನುಕೂಲ ಆಗಲಿ ಅಂತ ಮಾಡಿದೆ" ಎಂದು ಪಾಪ ನೊಂದುಕೊಂಡಳು. ಇನ್ನು ಮುಂದೆ ಉತ್ತರದ ಬದಲು ಒಂದೇ ಒಂದು ಪ್ರಶ್ನೆ ವಾಪಸ್ ಕಳಿಸು, ಅದಕ್ಕೂ ದಾರಿ ಸಿಗದಿದ್ದರೆ ಮುಂದಿನ ಒಂದು ಹೆಜ್ಜೆ ಹೇಳು ಎಂದೆ.

ಬಿಡಿಸಿದ ಲೆಕ್ಕ ನೋಡುವುದೂ ತಪ್ಪಲ್ಲ. ಹೇಗೆ ನೋಡುತ್ತಾರೆ ಎಂಬುದರಲ್ಲಿದೆ. ಕಲಿಕೆಯ ಸಂಶೋಧಕಿ ಮಿಶಲೀನ್ ಚಿ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನ ನ್ಯೂಟನ್ ಚಲನೆಯ ಲೆಕ್ಕಗಳನ್ನೇ ಇಟ್ಟುಕೊಂಡು ಮಾಡಿದ್ದು. ಚೆನ್ನಾಗಿ ಬಿಡಿಸಿದವರು ಮಾದರಿ ಉತ್ತರ ಓದುವಾಗ "ಇದು ಯಾಕೆ ಹೀಗೆ" ಎಂದು ಉಳಿದವರಿಗಿಂತ ಹೆಚ್ಚಾಗಿ ತಮಗೆ ತಾವೇ ವಿವರಿಸಿಕೊಳ್ಳುತ್ತಿದ್ದರು, ಎಲ್ಲಿ ಅರ್ಥವಾಗಿಲ್ಲ ಎಂದೂ ಗುರುತಿಸಿಕೊಳ್ಳುತ್ತಿದ್ದರು. ಇವಳಿಗೆ ಹೇಳಿದ್ದೂ ಅದೇ: ಸಾಲಿನ ಪಕ್ಕ ಕಾರಣ ಬರೆ, ಮುಚ್ಚು, ಮರುದಿನ ಖಾಲಿ ಹಾಳೆಯಲ್ಲಿ ಮತ್ತೆ ಮಾಡು. ಜೊತೆಗೆ ವಾರಕ್ಕೊಂದು ಚಿಕ್ಕ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ತರಗತಿ ಮುಗಿದ ಮೇಲೆ ಮೇಷ್ಟ್ರ ಬಳಿ ಹೋಗಬೇಕು. ಮೊದಲ ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಎರಡನೇ ವಾರ ಕೇಳಿದಳು, ಅವರು ಕೂರಿಸಿಕೊಂಡು ಹೇಳಿದರಂತೆ.

ಹೋಮ್‌ವರ್ಕಿನ ಅಂಕ ಹತ್ತರಿಂದ ಆರಕ್ಕೆ ಇಳಿಯಿತು. ತಾಯಿ ಗಾಬರಿಯಿಂದ ಫೋನ್ ಮಾಡಿದರು. ಆ ಆರು ಅವಳದು, ಹಿಂದಿನ ಹತ್ತು ಅಕ್ಕನದಾಗಿತ್ತು ಎಂದೆ. ಮುಂದಿನ ಟೆಸ್ಟಿನಲ್ಲಿ ಹದಿನಾಲ್ಕು ಬಂತು. ಹುಡುಗಿಗೆ ನಿರಾಸೆ, ಇಪ್ಪತ್ತು ಎಣಿಸಿದ್ದಳು. ನಿದ್ದೆ ಮಾತ್ರ ಆಗಲೇ ಸರಿಹೋಗಿತ್ತು.

ಕೊನೆಯ ಭೇಟಿಗೆ ಅದೇ ಕಲ್ಲಿನ ಲೆಕ್ಕ ತಂದಿದ್ದಳು. "ಆವತ್ತು ಇನ್ನೊಂದು ಉತ್ತರ ಮೈನಸ್ 1 ಸೆಕೆಂಡ್ ಬಂದಿತ್ತು, ಎಲ್ಲರೂ ಬಿಟ್ಟುಬಿಡ್ತಾರೆ. ಅದೇನು ಮೇಡಂ?"

"ಗೊತ್ತಿಲ್ಲ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ನಾನು ಕಂಡುಹಿಡಿದೆ. ಒಂದು ಸೆಕೆಂಡ್ ಮೊದಲೇ ಯಾರೋ ನೆಲದಿಂದ 30ರ ವೇಗದಲ್ಲಿ ಎಸೆದಿದ್ದರೂ, ಸರಿಯಾಗಿ ಆ ಹೊತ್ತಿಗೆ ಕಲ್ಲು 25 ಮೀಟರ್ ಎತ್ತರದಲ್ಲಿ 20ರ ವೇಗದಲ್ಲೇ ಇರ್ತಿತ್ತು. ಅಕ್ಕನಿಗೂ ಗೊತ್ತಿರಲಿಲ್ಲ, ಅವಳಿಗೆ ಹಾಳೆ ಕಳಿಸಿದ್ದೀನಿ."